ಲವೀನಾಳ ನೈಟ್ ಡ್ಯೂಟಿ

ಯಾರ ಮನೆಯ ಏಸಿ ಕೆಮ್ಮಿದರೂ
ಮೆಟ್ಟಿಲಲ್ಲೇ ನಿಂತು ಹೇಳುತ್ತೇನೆ: ಗ್ಯಾಸ್ ಮುಗಿದಿದೆ.
ನಿನ್ನ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದೇನೆ, ಎಲ್ರಾಯ್,
ಇಲ್ಲಿ ಗ್ಯಾಸ್ ಜಾಸ್ತಿ,
ತೆಗೆಯಲು ಸ್ಪ್ಯಾನರ್ ಇಲ್ಲ.

ಮುಹರ್ರಕ್ಕಿನ ಗಲ್ಲಿಯಲ್ಲಿ ಗಂಟೆ ಎರಡೂವರೆ.
ವಿಮಾನವೊಂದು ತಾರಸಿ ಸವರಿಕೊಂಡು ಇಳಿಯಿತು;
ನೀನು ಅದಕ್ಕಿಂತ ಜೋರು.

ನಿನ್ನಮ್ಮ ಆಸ್ಪತ್ರೆಯಲ್ಲಿ
ಯಾರದೋ ಕೂಸಿನ ಬೆನ್ನು ತಟ್ಟುತ್ತಿದ್ದಾಳೆ.
ಅವಳ ದನಿ ಮೊಬೈಲಿನಲ್ಲಿ, ಹನ್ನೊಂದು ಸೆಕೆಂಡು:
'ಎಣ್ಣೆ ಅಂಗೈಯಲ್ಲೇ ಬೆಚ್ಚಗಾಗಲಿ,
ಹೊಕ್ಕುಳ ಸುತ್ತ, ಗಡಿಯಾರ ಹೋದ ಹಾಗೆ.
ಅವಸರ ಬೇಡ.'

ಸುತ್ತಿಸಿದೆ. ಕಾಲು ಮಡಚಿ ಸೈಕಲ್ ತುಳಿಸಿದೆ,
ಊರಲ್ಲಿ ಮಾರಿ ಬಂದ ಆ ಸೈಕಲ್ಲಿನಲ್ಲೇ
ಕಿನ್ನಿಗೋಳಿಯವರೆಗೂ ಹೋಗಿ ಬಂದೆವು.
ಕೊನೆಗೆ
ಪುರ್ರ್.
ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆದರೂ ಜೊಲ್ಲು, ಆದರೂ ಕಿರಿಕಿರಿ.
ಫ್ರಿಜ್ಜಲ್ಲಿಟ್ಟ ಒದ್ದೆ ಬಟ್ಟೆ ನಿನಗೆ ಬೇಡ,
ತಾಮ್ರದ ಪೈಪು ಎಂದೋ ಕೊಯ್ದ ನನ್ನ ಬೆರಳೇ ಬೇಕು.
ತೊಳೆದು ಕೊಟ್ಟೆ.
ಕೆಳವಸಡಿನಲ್ಲಿ, ಅಗೋ,
ನುಚ್ಚಕ್ಕಿಯಷ್ಟು ಗಟ್ಟಿ.

ಫೋನ್ ಎತ್ತಿಕೊಂಡೆ. ಇಟ್ಟೆ.
ಏಳಕ್ಕೆ ಬರುತ್ತಾಳೆ,
ಅವಳೇ ಮೊದಲು ಕಂಡುಹಿಡಿಯಲಿ.
ನನಗೇನೂ ಗೊತ್ತಿಲ್ಲ;
ಅಲ್ಲಿಯತನಕ ನೀನೂ
ಬಾಯಿ ಬಿಡಬೇಡ.