ಮೂರನೇ ಬೊಳ್ಳಿ

ನಾನು ರೈಟರು. ಎಂದರೆ
ಬೆಳಿಗ್ಗೆ ಏಳೂವರೆಗೆ ಹಾಜರಿ ಬರೆಯುವವನು,
ಪಾಲಿಬೆಟ್ಟದಾಚೆ, ತೋಡಿನ ಪಕ್ಕದ ತೋಟದಲ್ಲಿ.
ನನ್ನ ಪುಸ್ತಕದಲ್ಲಿ ಬೊಳ್ಳಿಯರು ಮೂವರು:
ಚೀರನ ಬೊಳ್ಳಿ, ಕುಳ್ಳಿ ಬೊಳ್ಳಿ,
ಇನ್ನೊಬ್ಬಳಿಗೆ ಏನೂ ತೋಚದೆ
ಬೊಳ್ಳಿ ಮೂರು ಎಂದು ಬರೆದಿದ್ದೆ.
ಹತ್ತು ವರ್ಷದಿಂದ ಅವಳ ಕೂಲಿ
ಆ ಮೂರರ ಮುಂದೆಯೇ ಬೀಳುತ್ತದೆ.

ಸಾಹುಕಾರರದು ಹಾಗಲ್ಲ.
ಕಾಳೇರಂಡ ಪಳಂಗಪ್ಪ:
ಒಕ್ಕ ಮೊದಲು, ಆಳು ಆಮೇಲೆ.
ಗೇಟಿನ ಹಲಗೆಯಲ್ಲಿ, ಕೋವಿಯ ವಿನಾಯಿತಿ ಪತ್ರದಲ್ಲಿ
ಅದೇ ಕ್ರಮ.

ಆ ಜೂನ್, ಸತ್ತ ಗಿಡಗಳ ಜಾಗಕ್ಕೆ
ಗುಂಡಿ ತೆಗೆಸುತ್ತಿದ್ದೆವು.
ಹನ್ನೊಂದರ ಹೊತ್ತಿಗೆ ಕೂಗು: ಹಾವು!
ಓಡಿ ಹೋದರೆ, ಗುದ್ದಲಿಯ ಏಟಿಗೆ
ಕುತ್ತಿಗೆಯ ಹತ್ತಿರ ಸೀಳಿಕೊಂಡು, ಮೊಳದುದ್ದ,
ಒದ್ದೆ ಸೀಸದ ಬಣ್ಣ,
ಪಕ್ಕೆಗುಂಟ ಒಂದು ಹಳದಿ ಗೆರೆ.
ಹಾವಿನ ಹುರುಪೆ ಕಾಣಲಿಲ್ಲ.
ಎರೆಹುಳುವಿಗೆ ಮೂಳೆ ಇರಬಾರದು, ಇದಕ್ಕಿತ್ತು.
ಯಾವ ಕಾಲಮ್ಮಿಗೂ ಬೀಳದ ಅದನ್ನು
ಸಾಹುಕಾರರ ಮಿಲಿಟರಿ ರಮ್ಮಿನಲ್ಲಿ ಮುಳುಗಿಸಿಟ್ಟೆ.
ರಮ್ಮಿನ ಲೆಕ್ಕ ಎಲ್ಲೂ ಬರೆಯಲಿಲ್ಲ.
ಬೊಳ್ಳಿ ಮೂರು ಊಟದ ಮೇಲೆ
ಕೆಲಸಕ್ಕೆ ಬರಲಿಲ್ಲ.
ಅರ್ಧ ಹಾಜರಿ ಹಾಕಿದೆ.

ಕಾಗದ ಬರೆದದ್ದಕ್ಕೆ ಧಾರವಾಡದಿಂದ
ಕಡಕೋಳ ಮೇಡಂ ಬಂದರು, ಹಣೆಗೊಂದು ದೀಪ ಕಟ್ಟಿಕೊಂಡು.
ಭೂತಗನ್ನಡಿ ಹಿಡಿದು
ಮೈಮೇಲಿನ ಉಂಗುರ ಎಣಿಸಿದರು.
ನಡುವೆ ಕಾಫಿ ಕೊಟ್ಟೆ; ಲೆಕ್ಕ ತಪ್ಪಿತು;
ಮೊದಲಿನಿಂದ ಎಣಿಸಿದರು.
ಕಪ್ಪೆಯ ದಾಯಾದಿ ಇದು, ಎಂದರು.
ಕಾಲಿಲ್ಲದ, ವಟಗುಟ್ಟದ,
ಕಣ್ಣಿನ ಮೇಲೆ ಚರ್ಮದ ಕದ ಎಳೆದುಕೊಂಡ ದಾಯಾದಿ.
ನಾನು ನಕ್ಕೆ. ಅವರು ನಗಲಿಲ್ಲ.
ಹೊಸದೋ ಹಳೆಯದೋ ಈಗಲೇ ಹೇಳಲಾಗದು.
ಯಾವ ಕಾಲಕ್ಕೋ ಯಾರೋ ದೊರೆ ಒಯ್ದ ಇನ್ನೊಂದು
ಲಂಡನ್ನಿನ ಕಪಾಟಿನೊಳಗೆ
ಸಾರಾಯಿಯಲ್ಲಿ ಸುರುಳಿ ಸುತ್ತಿ ಮಲಗಿದೆ;
ಅದರ ಪಕ್ಕ ಇದನ್ನು ಹಿಡಿದು ನೋಡಬೇಕು.
ಹೊಸದಾದರೆ ಈ ಸೀಳಿದ ಕುತ್ತಿಗೆಯೇ ಮಾದರಿ.
ಇದರ ಪೈಕಿಯವೆಲ್ಲ, ಮಣ್ಣೊಳಗಿರುವವು, ಹುಟ್ಟಲಿರುವವು,
ಇದರ ಹೆಸರಿನಲ್ಲೇ ಬಾಳಬೇಕು.
ಹೆಸರು ಹೊರಲು ಒಂದು ಹೆಣ ಬೇಕು, ರೈಟರೇ,
ನಮ್ಮ ನಿಯಮ ಅಷ್ಟೇ.

ಚೀಟಿ ಬರೆಯುವಾಗ ಕೇಳಿದರು: ಸಿಕ್ಕಿದ್ದು ಯಾರಿಗೆ?
ನನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ.
ಬೊಳ್ಳಿಗೆ, ಎಂದೆ.
ಪೂರ್ತಿ ಹೆಸರು?
ಲೈನ್‌ಮನೆಗಳ ಕಡೆಗೆ ಬೊಳ್ಳೀ ಎಂದು ಕೂಗಿದೆ.
ಮೂರು ತಲೆ ಹೊರಬಂದವು.

ಮೂರನೆಯವಳು ಬಂದು ಮೆಟ್ಟಿಲ ಕೆಳಗೆ ನಿಂತಳು.
ಬಾಟಲಿಯ ಕಡೆ ನೋಡಲಿಲ್ಲ.
ಹೆಸರು ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ.
'ಮೊಟ್ಟೆಗೆ ಸುತ್ತಿಕೊಂಡಿತ್ತು,' ಎಂದಳು, ನನಗೆ.
'ಹಾವು ಅಂದ್ಕೊಂಡೆ. ಮೊಟ್ಟೆ ಕಂಡದ್ದು ಆಮೇಲೆ.
ತೋಡಿನ ಕೆಸರು ತಂದು ಮುಚ್ಚಿದೆ, ಎಲೆ ಹಾಕಿದೆ.
ಹೊತ್ತಾಯ್ತು.'

ಮೇಡಂ ಎದ್ದೇಬಿಟ್ಟರು: ಯಾವ ಗುಂಡಿ?
ಬೊಳ್ಳಿ ತೋಟದ ಕಡೆ ತಿರುಗಿದಳು.
ಇನ್ನೂರ ಹದಿನಾರು ಗುಂಡಿ,
ಒಂದೇ ಅಳತೆ, ಒಂದೇ ಕೆಂಪು ನೀರು.
'ಎಲ್ಲಾ ಒಂದೇ ಥರ,' ಎಂದಳು.

ಎರಡು ದಿನ ಹುಡುಕಿ ಮೇಡಂ ಬಸ್ಸು ಹತ್ತಿದರು.
ತಾಯಿಯಿಲ್ಲದೆ ಮೊಟ್ಟೆ ಉಳಿಯುವುದು ಕಷ್ಟ,
ಎಂದು ಕಿಟಕಿಯಿಂದ ಹೇಳಿದರು.
ಚೀಟಿಯಲ್ಲಿ ಬೊಳ್ಳಿ ಎಂದಷ್ಟೇ ಇದೆ, ಮುಂದೆ ಖಾಲಿ.
ಆ ಅರ್ಧವನ್ನು ಪೂರ್ತಿ ಮಾಡಲು ಪುಸ್ತಕ ತೆಗೆದೆ.
ತಿಂಗಳ ಲೆಕ್ಕ ಮುಗಿದು, ಸಹಿ ಬಿದ್ದಿತ್ತು.

ಗಿಡ ನೆಡುವ ದಿನ
ಎಂಟನೇ ಸಾಲಿಗೆ ಅವಳನ್ನೇ ಕಳಿಸಿದೆ.
ಸಂಜೆ ಎಣಿಸಿದರೆ ಒಂದು ಗಿಡ ಹೆಚ್ಚು ಉಳಿದಿತ್ತು.
ಅವಳು ನನ್ನನ್ನು ನೋಡಿದಳು, ನಾನು ಪೆನ್ನನ್ನು.
ಸಾಹುಕಾರರು ನೋಡುವ ಪುಸ್ತಕದಲ್ಲಿ,
ಎಂಟನೇ ಸಾಲು, ಹನ್ನೊಂದನೇ ಗುಂಡಿಯ ಎದುರು,
ಇವತ್ತಿಗೂ ನನ್ನ ಕೈಬರಹವೇ:
ಗಿಡ ಇಲ್ಲ. ಕಾರಣ, ಕಲ್ಲು.