ಎಂಟು ಬೆರಳಿನ ಲೆಕ್ಕ

ಮೊದಲು ನಡೆ, ಜಾಜಿ.
ಈ ತುದಿಯ ಹಲಸಿನ ಮರದಿಂದ
ಆ ತುದಿಯ ಸುಣ್ಣ ಬಳಿದ ಕಲ್ಲಿನವರೆಗೆ
ಆರುನೂರು ಹೆಜ್ಜೆ, ಚಪ್ಪಲಿ ಬಿಟ್ಟು.
ಇಬ್ಬನಿಗೆ ಕಾಲು ಮರಗಟ್ಟಲಿ, ಪರವಾಗಿಲ್ಲ,
ಕಣ್ಣಿಗೆ ತಪ್ಪಿದ್ದು ಪಾದಕ್ಕೆ ಸಿಗುತ್ತದೆ:
ಹಂದಿ ಗೂರಿದ ಗುಂಡಿ,
ನಿನ್ನೆ ಸಂಜೆ ಹುಡುಗರು ಮರೆತುಹೋದ ಹಾಕಿ ಚೆಂಡು,
ಒಂದು ಸಲ, ನಾಗರಹೊಳೆ ಕಡೆಯಿಂದ ದಾಟಿಬಂದ ಆನೆಯ ಹೆಜ್ಜೆ,
ಅದರೊಳಗೆ ನೀರು, ನೀರೊಳಗೆ ಕಪ್ಪೆ.
ಮುಚ್ಚಲು ಮೂರು ಬುಟ್ಟಿ ಮಣ್ಣು ಬೇಕಾಯಿತು.
ಕಪ್ಪೆಯನ್ನು ಗದ್ದೆಗೆ ಬಿಟ್ಟೆ.

ಜನವರಿಯಲ್ಲಿ ಜಗಳ ಜಾಸ್ತಿ.
ಬಾಳೆಲೆಯಲ್ಲಿ ಇಷ್ಟು ಸಪಾಟು ಜಾಗ, ಇಷ್ಟು ಬಿಸಿಲು
ಇನ್ನೆಲ್ಲಿ ಸಿಕ್ಕೀತು ಕಾಫಿ ಹಣ್ಣು ಹರವಲು?
ದೇಚಕ್ಕ ನಾಲ್ಕು ಟಾರ್ಪಾಲು ಹಾಸಿ
ಕೊಡೆ ಬಿಚ್ಚಿ ಕೂತಿದ್ದಳು ರನ್‌ವೇ ಮಧ್ಯೆ:
“ನಿನ್ನ ಹಕ್ಕಿ ಇಳಿಯೋದು ಒಂದು ನಿಮಿಷ,
ನನ್ನ ಕಾಫಿ ಒಣಗೋದು ಹತ್ತು ದಿನ. ನ್ಯಾಯ ಹೇಳು.”
ನಾನು ನ್ಯಾಯ ಹೇಳಲಿಲ್ಲ.
ಟಾರ್ಪಾಲಿನ ಒಂದು ತುದಿ ಹಿಡಿದೆ.
ಬೈಯುತ್ತ ಬೈಯುತ್ತಲೇ ಇನ್ನೊಂದು ಹಿಡಿದಳು.

ಗಾಳಿಚೀಲ ನೋಡು, ಕೆಂಪು ರೇಷ್ಮೆ.
ಪೆಮ್ಮಯ್ಯ ಸಾರ್ಜೆಂಟು ತನ್ನ ಮದುವೆಯ ಚೇಲೆ ಬಿಚ್ಚಿ ಹೊಲಿದದ್ದು.
ಸೊಂಟಕ್ಕಂತೂ ಸುತ್ತು ಸಾಲದು, ಗಾಳಿಗಾದರೂ ಇರಲಿ ಎಂದ.
ಅದು ಜೋತುಬಿದ್ದು, ತೋಟದಂಚು ಕಾಣದಿದ್ದರೆ
ಮಂಜು ಇನ್ನೂ ಎದ್ದಿಲ್ಲ.
ಬಂದವರು ಗಡಿಯಾರ ನೋಡಲಿ,
ದುಡ್ಡು ಕೊಟ್ಟಿದ್ದೇವೆ ಎನ್ನಲಿ,
ನೀನು ಬೆಲ್ಲದ ಕಾಫಿ ಕೊಡು.
ಮತ್ತೂ ಕೇಳಿದರೆ, ಮತ್ತೊಂದು ಲೋಟ.

ಪೆಟ್ರೋಲು ತೊಗಲಿನಲ್ಲಿ ಸೋಸು,
ಟ್ಯಾಂಕಿನ ತಳದಿಂದ ಒಂದಿಷ್ಟು ಸೀಸೆಗೆ ಬಿಟ್ಟು
ಬೆಳಕಿಗೆ ಹಿಡಿ.
ಅಡಿಯಲ್ಲಿ ಬೇರೆಯಾಗಿ ನಿಂತದ್ದು ನೀರು.
ನಮ್ಮೂರಲ್ಲಿ ನೀರು ಎಲ್ಲಕ್ಕೂ ನುಗ್ಗುತ್ತದೆ,
ಬೆಂಕಿಪೊಟ್ಟಣಕ್ಕೆ, ಕೋವಿಯ ತೋಟೆಗೆ, ಉಪ್ಪಿನ ಭರಣಿಗೆ.
ಮೂಗಿನ ಆ ಸಣ್ಣ ಕೊಳವೆಯಲ್ಲಿ ಕುಂಬಾರ ಕಣಜ
ಒಂದು ಮಧ್ಯಾಹ್ನದಲ್ಲೇ ಮನೆ ಕಟ್ಟುತ್ತದೆ.
ಊದಬೇಡ. ಕಡ್ಡಿಯಿಂದ, ಮೆಲ್ಲಗೆ.
ಅದಕ್ಕದು ಒಂದು ಚಿಟಿಕೆ ಮಣ್ಣು,
ಮೇಲಿದ್ದವನಿಗೆ ವೇಗವೇ ಸುಳ್ಳು.

ಆಮೇಲೆ ಹಗ್ಗ, ಗೂಟ, ಚಕ್ರದಡಿಯ ಮರದ ತುಂಡು,
ಒಂದೊಂದಕ್ಕೂ ಒಂದೊಂದು ಬೆರಳು ಮಡಚು.
ನಾನು ಮಡಚಿದರೆ ಎಂಟಕ್ಕೇ ಮುಗಿಯುತ್ತದೆ.
ಕೇಳಿದವರಿಗೆ, ಹಂದಿಗಿಟ್ಟ ಸಿಡಿಮದ್ದು ಎನ್ನುತ್ತೇನೆ.

ತಿರುಗುವ ಫ್ಯಾನಿಗೆ ಎಲ್ಲರೂ ಹೆದರುತ್ತಾರೆ,
ಹೆದರಲೇಬೇಕು: ಅದು ಕಾಣುವುದೇ ಇಲ್ಲ.
ಆಚೆಯ ಗದ್ದೆ, ಗದ್ದೆಯ ಕೊಕ್ಕರೆ, ಕೊಕ್ಕರೆಯ ಕಾಲು
ಎಲ್ಲಾ ಸ್ಪಷ್ಟ, ನಡುವೆ ಏನೂ ಇಲ್ಲದ ಹಾಗೆ.
ನನ್ನದು ನಿಂತ ಫ್ಯಾನು.
ಅಂಟಿದ ಹುಳ ಒರೆಸಲು ಬಟ್ಟೆ ಹಿಡಿದು ಹೋದೆ.
ಯಾರನ್ನೋ ಉಳಿಸಲು ಹೋದದ್ದಲ್ಲ.
ಸ್ವಿಚ್ಚು ಬಂದ್ ಆಗಿದೆ ಅಂದುಕೊಂಡೆ.
ಬಿಸಿ ಇಂಜಿನು ನಿದ್ದೆಯಲ್ಲಿ
ಒಂದೇ ಒಂದು ಸಲ ಮಗ್ಗುಲು ಬದಲಿಸಿತು.

ಗೋಣಿಕೊಪ್ಪದ ಆಸ್ಪತ್ರೆಗೆ ಜೀಪು ಹೋಯಿತು.
ಒಂದು ಬೆರಳು ಜೊತೆಗೇ ಬಂತು, ಟವೆಲಿನಲ್ಲಿ.
ಇನ್ನೊಂದಕ್ಕೆ ಸಾರ್ಜೆಂಟು
ಈ ಹುಲ್ಲಿನಲ್ಲೇ ಕತ್ತಲಾಗುವವರೆಗೆ ಹುಡುಕಿದನಂತೆ,
ಆ ತುದಿಯಿಂದ ಈ ತುದಿಗೆ,
ಚಪ್ಪಲಿ ಬಿಟ್ಟು.

ಏಳು, ಬೆಳಕಾಯಿತು.
ಕೀಲಿ ನನ್ನ ಜೇಬಿನಲ್ಲಿದೆ.
ಹೂಂ ಅನ್ನಬೇಡ.
ಕೈ ಹಾಕಿ ನೋಡು.