ಕರಿಗೇರಿನ ಗುರುತು

ದುಂಡಗಿರಬಾರದು, ಅಂದ ಸುಹೈಲ್.
ದುಂಡಗಿದ್ದರೆ ನಮ್ಮ ಕಡೆಯದ್ದು ಅಂತ ಗೊತ್ತಾಗಿಬಿಡುತ್ತೆ.
ಕೊಂಬು ಬೇಡ, ತಲಕಟ್ಟು ಬೇಡ,
ಒತ್ತಂತೂ ಬೇಡವೇ ಬೇಡ.
ಸತ್ತ ಗ್ರಹವೊಂದರ ಗೋಡೆಯ ಮೇಲೆ
ನಾಲ್ಕು ಸಾವಿರ ವರ್ಷ ಧೂಳು ಕುಡಿದ ಲಿಪಿ
ಶುಕ್ರವಾರದೊಳಗೆ ಬೇಕು.

ಬರೆದದ್ದೆಲ್ಲ ದುಂಡಗಾಗುತ್ತಿತ್ತು.
ಮುಳ್ಳು ಬರೆಯಹೋದರೆ ಮೊಗ್ಗು.
ಒಂದನೇ ಕ್ಲಾಸಿನ ಕಾಪಿ ಪುಸ್ತಕದಲ್ಲಿ
ಎರಡು ಗೆರೆಗಳ ನಡುವೆ ಬಗ್ಗಿಸಿಟ್ಟ ಕೈ
ಇನ್ನೂ ನೆಟ್ಟಗಾಗಿರಲಿಲ್ಲ.

ಗುರುವಾರ ರಾತ್ರಿ ಹತ್ತೂವರೆಗೆ
ಇಸ್ತ್ರಿಯಾಗಿ ಬಂದ ಕುರ್ತಾದ ಕಾಲರಿನೊಳಗೆ ಸಿಕ್ಕಿತು:
ಒಂದು ನಿಲುಗೆರೆ, ಅದರ ಹೆಗಲಿಗೆ ಎರಡು ಚುಕ್ಕಿ,
ಕಾಲ ಬಳಿ ಒಂದು ಓರೆ ಗೀಟು.
ಕಪ್ಪು, ಕರಿಗೇರಿನ ಕಪ್ಪು,
ಬಟ್ಟೆ ಹರಿದರೂ ಹೋಗದ್ದು.
ಕಪಾಟು ತೆರೆದು ಎಲ್ಲ ಕೆಳಗೆ ಸುರಿದೆ.
ದಿಂಬಿನ ಕವರು, ದುಪ್ಪಟ್ಟಾದ ಅಂಚು, ಹಳೆಯ ಬೆಡ್‌ಶೀಟಿನ ಮೂಲೆ
(ಅದರಲ್ಲಿ ಮಾತ್ರ ಗೀಟು ಎರಡು,
ಒಂದನ್ನೊಂದು ದಾಟಿದ ಇಂಟು ಮಾರ್ಕು)
ಹನ್ನೊಂದು ವರ್ಷದಿಂದ ನನ್ನ ಮನೆಯೊಳಗೇ
ನನಗೆ ಓದಲು ಬಾರದ ನನ್ನ ಹೆಸರು.

ಮಲ್ಲೇಶ್ವರದ ದೋಭಿಘಾಟಿನಲ್ಲಿ ಅಬ್ಬಯ್ಯ
ಮೊದಲು ನಂಬಲೇ ಇಲ್ಲ.
"ಇದ್ಕೂ ದುಡ್ಡು ಕೊಡ್ತಾರಾ?"
ಕಲ್ಲಿನ ಮೇಲೆ ಒದ್ದೆ ಬೆರಳಲ್ಲಿ ಬರೆದು ತೋರಿಸಿದ;
ಒಂದು ಗುರುತು ಆರುವಷ್ಟರಲ್ಲಿ ಇನ್ನೊಂದು.
ನಿಲುಗೆರೆ ಕ್ರಾಸು. ಚುಕ್ಕಿ ಎಷ್ಟೋ ಅಷ್ಟನೇ ಮನೆ.
ಎಡಕ್ಕೆ ಕೊಕ್ಕೆಯಿದ್ದರೆ ಗಂಜಿ ಬೇಡ,
ಬಲಕ್ಕಿದ್ದರೆ ದುಡ್ಡು ಬಾಕಿ.
ಎರಡೂ ಕಡೆ ಕೊಕ್ಕೆ? ನಕ್ಕ, ಹೇಳಲಿಲ್ಲ.
ಓರೆ ಗೀಟಿನ ವಿಷಯ ನಾನು ಕೇಳಲಿಲ್ಲ.
ಅವರಪ್ಪ ಕಲಿಸಿದ್ದು ಇನ್ನೂರ ಹನ್ನೆರಡು ಗುರುತು.
ಮಗನಿಗೆ ಬರುವುದು ಹತ್ತು. ಅವನು ಈಗ
ಬಟ್ಟೆಗೆ ನಂಬರಿನ ಚೀಟಿ ಪಿನ್ನು ಮಾಡುತ್ತಾನೆ.

ಆಟ ಹೊರಬಂತು.
ಅಷ್ಟು ಅನ್ಯವಾದ ಲಿಪಿಯನ್ನು ಈವರೆಗೆ ನೋಡಿಲ್ಲ ಅಂದರು.
ಲಿಥುವೇನಿಯಾದಲ್ಲಿ ರಾತ್ರಿ ಪಾಳಿಯ ನರ್ಸೊಬ್ಬಳು, ದಾಲಿಯಾ,
ಐದು ತಿಂಗಳು ಗೋಡೆಗಳ ಮುಂದೆ ನಿಂತು
ನಿಘಂಟು ಕಟ್ಟಿದಳು.
ಚುಕ್ಕಿಗಳು ನಕ್ಷತ್ರಗಳಂತೆ, ಕೊಕ್ಕೆ ಒಂದು ವಿಭಕ್ತಿಯಂತೆ,
ಇದು ಋಣದ ಬಗ್ಗೆ ಬಹಳ ಯೋಚಿಸಿದ ಜನಾಂಗವಂತೆ.

ಅಬ್ಬಯ್ಯನನ್ನು ಆಫೀಸಿಗೆ ಕರೆತಂದೆ.
ನೀರಲ್ಲಿ ನೆನೆದು ಬಿಳಿಚಿದ ಬೆರಳುಗಳಿಗೆ
ಕಂಟ್ರೋಲರು ಹಿಡಿಸಿದೆ.
ಎರಡು ಸೂರ್ಯರ ಕೆಳಗೆ, ಪಾಳು ನಗರದಲ್ಲಿ,
ಆತ ಗಟ್ಟಿಯಾಗಿ ಓದುತ್ತ ಹೋದ:
ಒಂಬತ್ತನೇ ಕ್ರಾಸು, ಮೂರನೇ ಮನೆ, ಗಂಜಿ ಬೇಡ.
ಹನ್ನೊಂದನೇ ಕ್ರಾಸು, ಕೊನೇ ಮನೆ, ಬಾಕಿ.
"ಅಲ್ಲ ಕಣಮ್ಮ, ಇಷ್ಟು ದೂರ ಬಂದ್ರೂ ಬಾಕಿ ತೀರ್ಸಿಲ್ವಲ್ಲ!"
ಸುಹೈಲ್ ನೀರು ನೆತ್ತಿಗೆ ಹತ್ತಿ ಕೆಮ್ಮುವಷ್ಟು ನಕ್ಕ.

ದೊಡ್ಡ ಬಾಗಿಲ ಮುಂದೆ ಆತ ನಿಂತುಬಿಟ್ಟ.
ಮೂರಾಳೆತ್ತರ ಅಲ್ಲಿ: ನಿಲುಗೆರೆ, ಎರಡು ಚುಕ್ಕಿ, ಓರೆ ಗೀಟು.
"ಇದನ್ಯಾಕೆ ಇಲ್ಲಿ ಹಾಕ್ದೆ?"
ಚೆನ್ನಾಗಿತ್ತು, ಅಂದೆ.
ಆತ ತೆರೆಯನ್ನು ನೋಡುತ್ತಲೇ ಹೇಳಿದ,
"ಇಂಟು ಅಂದ್ರೆ ಗಂಡ ಹೆಂಡ್ತಿ.
ಅವರ ಶರ್ಟು ಬರೋದು ನಿಂತ ವಾರದಿಂದ
ಒಂದೇ ಗೀಟು ಹಾಕ್ತಾ ಬಂದೆ.
ಬಾಯಿ ಬಿಟ್ಟು ಕೇಳಕ್ಕಾಯ್ತದಾ?"

ನಾಲ್ಕು ವರ್ಷ. ಪಕ್ಕದ ಮನೆಗೆ ನಾನು
ಟ್ರಾನ್ಸ್‌ಫರು ಅಂತಲೇ ಹೇಳಿಕೊಂಡು ಬಂದಿದ್ದೆ.

ದಾಲಿಯಾಳ ನಿಘಂಟಿನಲ್ಲಿ ಆ ಗುರುತನ್ನು ಹುಡುಕಿದೆ.
ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದಿದ್ದಾಳೆ:
ಒಳಗೆ ಒಬ್ಬರು ಇದ್ದಾರೆ, ಮೆಲ್ಲಗೆ ತಟ್ಟಿ?
ಸರಿಯೋ ತಪ್ಪೋ ತಿಳಿಸಿ ಅಂತ
ನಮಗೆ ಮೂರು ಸಲ ಬರೆದಿದ್ದಳಂತೆ.
ಸರಿ ಅಂತ ಉತ್ತರಿಸಿದೆ. ಸುಳ್ಳೇನಲ್ಲ.

ಎರಡನೇ ಭಾಗಕ್ಕೆ ಇನ್ನೊಂದು ಗ್ರಹ ಬೇಕಂತೆ,
ಈ ಸಲ ದುಂಡಗಿದ್ದರೂ ನಡೆಯುತ್ತಂತೆ.
ನಿನ್ನೆ ಬಂದ ಬಿಳಿ ಕುರ್ತಾದ ಕಾಲರಿನಲ್ಲಿ
ಅದೇ ನಿಲುಗೆರೆ, ಅದೇ ಗೀಟು,
ಬಲಗಡೆಗೆ ಹೊಸದೊಂದು ಕೊಕ್ಕೆ.
ಓದಲು ಬಂತು.
ಪರ್ಸು ತೆಗೆದುಕೊಂಡು ಕೆಳಗಿಳಿದೆ.